ಎಸೆದ ಪಾಲಿನ ಮಣ್ಣು

"ಇನ್ನೊಂದು ಚೀಲ ಬಿಚ್ಚಲೇನ್ರಿ ಮೇಡಮ್ಮಾರ?" ಎಂದು ಗಾಳೆಪ್ಪ ಕೇಳಿದ.

"ಎಲ್ಲಾನೂ ಬಿಚ್ಚು," ಎಂದೆ.

ಗಾಳೆಪ್ಪ ನಿಟ್ಟುಸಿರು ಬಿಟ್ಟು ಮತ್ತೆ ನೆಲಕ್ಕೆ ಕುಳಿತ. ಕುರುಗೋಡಿನ ಹೊರಗಿರುವ ಜ್ಞಾನತುಂಗಾ ಪ್ರೌಢಶಾಲೆಯ ಜವಾನ ಅವನು. ನಿವೃತ್ತಿಗೆ ಇನ್ನೆರಡು ತಿಂಗಳಿದೆಯಂತೆ. ನಾನು ನಿವೃತ್ತಳಾಗಿ ಮೂರು ವರ್ಷವಾಯಿತು, ಆದರೂ ನನ್ನನ್ನು ಬಿಟ್ಟವರಿಲ್ಲ. ಬಳ್ಳಾರಿಯಲ್ಲಿ ಮೂವತ್ತಮೂರು ವರ್ಷ ಮಣ್ಣು ಪರೀಕ್ಷೆ ಮಾಡಿದ ವೀರಭದ್ರಮ್ಮ ಎಂದರೆ, ಮಣ್ಣಿನ ಯಾವ ತಕರಾರು ಎದ್ದರೂ ಬಸ್ಸು ಹತ್ತಿಸಿ ಕಳಿಸಬಹುದಾದ ಮುದುಕಿ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ.

ಏಪ್ರಿಲ್ ತಿಂಗಳು, ಹಗಲು ಹನ್ನೊಂದು ಗಂಟೆ. ಕರೆಂಟು ಹೋಗಿತ್ತು. ಪ್ರಯೋಗಾಲಯ ಎಂದು ಬೋರ್ಡು ಹಾಕಿದ ಆ ಕೋಣೆಯ ತಗಡು ನೆತ್ತಿಯ ಮೇಲೆ ಕಾಯುತ್ತಿತ್ತು. ನೆಲದ ಮೇಲೆ ಇಪ್ಪತ್ತೆರಡು ಬಟ್ಟೆ ಚೀಲಗಳು.

ಹತ್ತನೇ ತರಗತಿಯ ಕೃಷಿ ವಿಷಯದ ಪ್ರಾಯೋಗಿಕ ಪರೀಕ್ಷೆಗೆ ಇಪ್ಪತ್ತೆರಡು ಮಕ್ಕಳು ತಮ್ಮ ತಮ್ಮ ಹೊಲದ ಮಣ್ಣು ತಂದು, ಪರೀಕ್ಷಿಸಿ, ಅಂಕಿಗಳನ್ನು ಪುಸ್ತಕದಲ್ಲಿ ಬರೆದಿದ್ದರು. ಫೆಬ್ರವರಿಯಲ್ಲಿ ಮೌಲ್ಯಮಾಪನಕ್ಕೆ ಬಂದ ಯರ್ರಿಸ್ವಾಮಿ ಹದಿನಾಲ್ಕನೇ ಚೀಲ ಬಿಚ್ಚಿಸಿದ. ಅದು ಬಾದನಹಟ್ಟಿಯ ಚೈತ್ರಾಳ ಚೀಲ. ಪುಸ್ತಕದಲ್ಲಿ ಅವಳು ಬರೆದ ಲವಣಾಂಶ ಮೂರು ಪಾಯಿಂಟ್ ಒಂದು, ಎಂದರೆ ಬೀಜವೇ ಹುಟ್ಟದಂಥ ಸವಳು. ಚೀಲದ ಮಣ್ಣಿನಲ್ಲಿ ಸಿಕ್ಕಿದ್ದು ಬರೀ ಪಾಯಿಂಟ್ ಮೂರು. ಹುಡುಗಿ ಪರೀಕ್ಷೆ ಮಾಡದೆ ಮನಸ್ಸಿಗೆ ಬಂದದ್ದನ್ನು ಗೀಚಿದ್ದಾಳೆ ಎಂದು ಅವನು ವರದಿ ಕೊಟ್ಟ.

ನಾಳೆ ಬೆಳಿಗ್ಗೆ ಹತ್ತಕ್ಕೆ ಬಳ್ಳಾರಿಯಲ್ಲಿ, ನನ್ನನ್ನು ಇಲ್ಲಿಗೆ ಕಳಿಸಿದ ವಿಚಾರಣಾ ಸಮಿತಿ ಕೂರುತ್ತದೆ. ಅಷ್ಟರೊಳಗೆ ನಾನು ಬೇರೇನೂ ಕಂಡುಹಿಡಿಯದಿದ್ದರೆ ಚೈತ್ರಾಳ ಪ್ರಾಯೋಗಿಕದ ಅಂಕ ಸೊನ್ನೆ. ವಿಷಯದಲ್ಲಿ ನಪಾಸು. ಕೃಷಿ ಡಿಪ್ಲೊಮಾ ಓದುವ ಅವಳ ಆಸೆಗೆ ಅಲ್ಲಿಗೆ ಎಳ್ಳುನೀರು.

ಬೆಳಿಗ್ಗೆ ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ ಯರ್ರಿಸ್ವಾಮಿಯನ್ನು ಮಾತಾಡಿಸಿಕೊಂಡೇ ಇಲ್ಲಿಗೆ ಬಂದಿದ್ದೆ. ಶಿಸ್ತಿನ ಮನುಷ್ಯ ಎಂದು ಹೆಸರು. "ನಿಯಮದಾಗ ಒಂದಾ ಚೀಲ ಐತಿ ಮೇಡಂ, ಒಂದಾ ತೆಗೆದೆ. ಉಳಿದವು ಮುಟ್ಟಿಲ್ಲ," ಎಂದಿದ್ದ. ಚಹಾ ಚೆನ್ನಾಗಿತ್ತು. ಅದರ ಮೇಲೆ ಎರಡು ಬಸ್ಸು ಬದಲಿಸಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ.

ಗಾಳೆಪ್ಪ ಕೊನೆಯ ಚೀಲ ಬಿಚ್ಚಿದ. ಒಂದೊಂದರಿಂದಲೂ ಒಂದು ಹಿಡಿ ತೆಗೆದು ಹಳೆಯ ಪೇಪರಿನ ಮೇಲೆ ಸಾಲಾಗಿ ಹಾಕಿಸಿದೆ. ಕನ್ನಡಕ ಒರೆಸಿಕೊಂಡು ಬಗ್ಗಿದೆ.

ಚೀಟಿಗಳಲ್ಲಿದ್ದ ಹೊಲಗಳು ಬೇರೆ ಬೇರೆ. ಬಾದನಹಟ್ಟಿಯ ಕಪ್ಪು ಎರೆ, ಸಿರಿಗೇರಿ ಕಡೆಯ ಭತ್ತದ ಗದ್ದೆ, ಗುಡ್ಡದ ಬುಡದ ಕೆಂಪು ಮಸಾರಿ. ಪೇಪರಿನ ಮೇಲಿದ್ದ ಮಣ್ಣು ಮಾತ್ರ ಒಂದೇ. ಎಲ್ಲದರಲ್ಲೂ ಅದೇ ಮಾಸಲು ಬಣ್ಣ, ಅದೇ ಇಟ್ಟಿಗೆ ಚೂರು, ಅದೇ ಒಣಗಿದ ಬೇವಿನ ಕಡ್ಡಿ. ಕುರುಗೋಡು ತಾಲ್ಲೂಕಿನ ಪ್ರತಿ ಹೊಲದಲ್ಲೂ ಬೇವಿನ ಮರ ಇರಬಹುದು, ಇರಲಿ. ಪ್ರತಿ ಹೊಲದಲ್ಲೂ ಮನೆ ಕಟ್ಟಿ ಕೆಡವಿದವರು ಯಾರು?

ಪುಸ್ತಕಗಳನ್ನು ಎಳೆದುಕೊಂಡೆ. ಇಪ್ಪತ್ತೊಂದು ಪುಸ್ತಕ ಹೊಸ ಮದುಮಗಳ ಹಾಗೆ ಇದ್ದವು. ಒಂದು ಅಕ್ಷರ ಹೊಡೆದಿಲ್ಲ, ಒಂದು ಕಲೆಯಿಲ್ಲ. ರಸಸಾರ, ಎಂದರೆ ಪಿಎಚ್, ಒಬ್ಬನದು ಏಳು ಪಾಯಿಂಟ್ ಏಳು, ಪಕ್ಕದವಳದು ಏಳು ಪಾಯಿಂಟ್ ಎಂಟು, ಅದರ ಪಕ್ಕದವನದು ಏಳು ಪಾಯಿಂಟ್ ಒಂಬತ್ತು. ಆಮೇಲೆ ಮತ್ತೆ ಏಳು ಪಾಯಿಂಟ್ ಏಳು. ಮೂವತ್ತಮೂರು ವರ್ಷದಲ್ಲಿ ಇಷ್ಟು ಶಿಸ್ತಾಗಿ ಸಾಲು ನಿಂತ ಮಣ್ಣನ್ನು ನಾನು ಕಂಡಿಲ್ಲ.

ಚೈತ್ರಾಳ ಪುಸ್ತಕ ಕೊಳಕಾಗಿತ್ತು. ಹೆಬ್ಬೆರಳಿನ ಕರಿ ಗುರುತು, ನೀರು ಬಿದ್ದು ಹರಡಿದ ಶಾಯಿ. ಲವಣಾಂಶದ ಕಡೆ ಎರಡು ಪಾಯಿಂಟ್ ಒಂಬತ್ತು ಎಂದು ಬರೆದು ಹೊಡೆದು, ಮೂರು ಪಾಯಿಂಟ್ ಮೂರು ಎಂದು ಬರೆದು ಅದನ್ನೂ ಹೊಡೆದು, ಕೊನೆಗೆ ಎರಡರ ಸರಾಸರಿ ಎಂದು ಮೂರು ಪಾಯಿಂಟ್ ಒಂದನ್ನು ಬರೆದಿದ್ದಳು. ಸುಳ್ಳು ಬರೆಯುವವರು ಇಷ್ಟು ಕಷ್ಟಪಡುವುದಿಲ್ಲ.

"ಆ ಹುಡುಗಿ ಬಂದಾಳೇನು?" ಎಂದೆ.

"ಆಗ್ಲೇ ಬಂದು ಪಡಸಾಲ್ಯಾಗ ಕುಂತಾಳ್ರಿ," ಎಂದ ಗಾಳೆಪ್ಪ.

ಚೈತ್ರಾ ತೆಳ್ಳನೆಯ ಹುಡುಗಿ. ಒಳಗೆ ಬಂದವಳು ನನ್ನನ್ನು ನೋಡಲಿಲ್ಲ, ಚೀಲಗಳನ್ನೂ ನೋಡಲಿಲ್ಲ.

"ಕುಂದ್ರವ್ವ. ನಿಮ್ಮ ಹೊಲದ ಮಣ್ಣು ಹೆಂಗ ತೆಗೆದಿ, ಹೇಳು."

"ಬಿಟ್ಟುಬಿಡ್ರಿ ಮೇಡಂ. ಆಗಿದ್ದು ಆತು."

"ಹೇಳಬ್ಯಾಡ ಹಂಗಾರ. ಮಾಡಿ ತೋರಿಸು."

ಮೂಲೆಯಲ್ಲಿದ್ದ ಬುಟ್ಟಿ ಮಣ್ಣನ್ನು ಅವಳ ಮುಂದೆ ಸುರುವಿಸಿದೆ. ಅವಳ ಕೈಗಳು ತಾವೇ ಎದ್ದವು. ಕಸ ಕಡ್ಡಿ ಆರಿಸಿ ಮಣ್ಣನ್ನು ರೊಟ್ಟಿಯ ಹಾಗೆ ದುಂಡಗೆ ಹರಡಿದಳು. ಬೆರಳಿನಿಂದ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ, ನಾಲ್ಕು ಪಾಲು. ಎದುರುಬದುರಿನ ಎರಡು ಪಾಲು ಬದಿಗೆ ಸರಿಸಿ, ಉಳಿದೆರಡನ್ನು ಕೂಡಿಸಿ ಮತ್ತೆ ಹರಡಿದಳು. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಬೇಕು. ಬಾಯಿ ಸುಳ್ಳು ಹೇಳಬಹುದು, ಆ ಕೈ ಹೇಳುತ್ತಿರಲಿಲ್ಲ. ನನಗೆ ಅವಳ ಮೇಲೆ ಅಕ್ಕರೆ ಉಕ್ಕಿತು.

"ಆ ಬದಿಗೆ ಸರಿಸಿದ ಪಾಲು ಏನು ಮಾಡ್ತೀರಿ?" ಎಂದು ಕೇಳಿದೆ.

"ಎಲ್ರೂ ಹೊರಗ ಚೆಲ್ತಾರ್ರಿ."

"ನೀನು?"

ಅವಳಿಗಿಂತ ಮೊದಲು ಗಾಳೆಪ್ಪನೇ ಬಾಯಿ ಹಾಕಿದ. "ಈಕಿ ಚೆಲ್ಲಲಿಲ್ರಿ ಮೇಡಮ್ಮಾರ. ನಮ್ಮ ಹೊಲದ ಮಣ್ಣು ಕಸದಾಗ ಹಾಕಬಾರ್ದು ಅಂತ, ನನ್ನ ಕಡಿಂದ ಖಾಲಿ ಕುಂಡ ಇಸ್ಕೊಂಡು ಅದರಾಗ ತುಂಬಿದ್ಲು. ಜನವರ್ಯಾಗ. ಅದಕ್ಕ ಮೂರು ಸಲ ಚೆಂಡು ಹೂವಿನ ಸಸಿ ಹಚ್ಚೀನಿ. ಮೂರೂ ಸತ್ತು ಹೋದ್ವು. ಕೈಗುಣ ಸರಿ ಇಲ್ಲ ಅಂತ ಹೆಡ್‌ಮೇಡಮ್ಮಾರು ನನಗಾ ಬೈದ್ರು."

ಎಷ್ಟು ಬೇಗ ಎದ್ದೆನೆಂದರೆ ಮೊಣಕಾಲು ನೋಯಲು ಮರೆತುಬಿಟ್ಟಿತು.

ಪಡಸಾಲೆಯ ಕಟ್ಟೆಯ ಮೇಲೆ ಏಳು ಕುಂಡಗಳಿದ್ದವು. ಆರರಲ್ಲಿ ಹೂವು. ಏಳನೆಯದರಲ್ಲಿ ಒಣಗಿದ ಒಂದು ಕಡ್ಡಿ, ಮಣ್ಣಿನ ಮೇಲೆ ಉಪ್ಪು ಉದುರಿಸಿದಂತೆ ಬಿಳಿಯ ಹಕ್ಕಳೆ. ಬೆರಳು ಹಾಕಿ ಕೆದಕಿದೆ. ಅಪ್ಪಟ ಎರೆ ಮಣ್ಣು. ಕಾಲುವೆ ಕೆಳಗಿನ ಹೊಲಗಳಲ್ಲಿ ಸಿಗುವ ಬಸವನಹುಳುವಿನ ಚಿಪ್ಪಿನ ಚೂರುಗಳೂ ಇದ್ದವು. ಈ ಶಾಲೆಯ ಅಂಗಳದಲ್ಲಿ ಒಂದು ಹಿಡಿ ಎರೆ ಹುಡುಕಿದರೂ ಸಿಗುವುದಿಲ್ಲ.

ಕುಂಡದ ತಳದಿಂದ ಮಣ್ಣು ತೆಗೆಸಿದೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಶುದ್ಧ ನೀರು. ಕಲಕಿ ಅರ್ಧ ತಾಸು ಬಿಟ್ಟು ನನ್ನ ಚೀಲದಲ್ಲಿದ್ದ ಪೆನ್ನಿನಂಥ ಮೀಟರನ್ನು ಅದ್ದಿದೆ. ಎರಡು ಪಾಯಿಂಟ್ ಆರು. ಎರಡು ತಿಂಗಳಿಗೂ ಹೆಚ್ಚು ಗಾಳೆಪ್ಪ ನೀರು ಹೊಯ್ದೂ ಹೊಯ್ದೂ ಸ್ವಲ್ಪ ಉಪ್ಪು ತೊಳೆದು ಹೋಗಿದೆ, ಆದರೂ ಎರಡು ಪಾಯಿಂಟ್ ಆರು.

ಹುಡುಗಿ ಬರೆದದ್ದು ನಿಜ. ಅವಳ ಪುಸ್ತಕ ಸರಿಯಿತ್ತು, ಚೀಲವೇ ಸುಳ್ಳು.

"ಚೈತ್ರಾ, ನೀನು ಬಚಾವಾದಿ ಬಿಡು," ಎಂದೆ.

ಅವಳು ನಗಲಿಲ್ಲ. ಮುಖ ಇನ್ನಷ್ಟು ಸಣ್ಣದಾಯಿತು. ನೀರು ಕುಡಿದು ಬರುತ್ತೇನೆಂದು ಎದ್ದು ಹೋದಳು. ಬಿಸಿಲಿಗೆ ಹೀಗಾಗಿದ್ದಾಳೆ ಎಂದುಕೊಂಡೆ. ವಯಸ್ಸಾದವರು ತಮಗಾದ ಆಯಾಸವನ್ನೇ ಊರವರ ಮೇಲೆಲ್ಲ ಹೇರುತ್ತಾರೆ.

ಕೃಷಿ ಮೇಷ್ಟ್ರು ಭೀಮರಾಜ ಬಂದಾಗ ಎರಡೂವರೆ. ಮೂವತ್ತೆಂಟರ ಆಸುಪಾಸು, ಗುತ್ತಿಗೆಯ ನೌಕರಿ. ಪ್ರತಿ ಜೂನಿನಲ್ಲೂ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಪೈಕಿ. ಬೈಕು ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದವನು, ಪೇಪರಿನ ಮೇಲಿನ ಇಪ್ಪತ್ತೆರಡು ಗುಡ್ಡೆಗಳನ್ನು ನೋಡಿ ಬಾಗಿಲಲ್ಲೇ ನಿಂತ.

"ಬಾರಪ್ಪ. ಈ ಸಾಲ್ಯಾಗ ಬೇವಿನ ಮರ ಎಲ್ಲೈತಿ?"

"ಹಿಂದ... ನೀರಿನ ಟ್ಯಾಂಕಿನ ಹತ್ರ, ಮೇಡಂ."

"ಅಲ್ಲೇ ಹಳೇ ಗ್ವಾಡಿ ಕೆಡವಿದ ಇಟ್ಟಿಗಿನೂ ಬಿದ್ದಾವೇನು?"

"ಹೂಂ ರೀ."

"ಅದರ ಬುಡದಾಗ ಅಗದವರು ಯಾರು?"

ನಾನು ಕುಂಡವನ್ನು ಅವನ ಕಡೆ ಸರಿಸಿದೆ.

"ಇದು ಚೈತ್ರಾ ಎಸೀಬೇಕಾಗಿದ್ದ ಪಾಲು. ಎಸೀಲಿಲ್ಲ. ಇದರಾಗ ಉಪ್ಪೈತಿ, ನಿನ್ನ ಚೀಲದಾಗ ಇಲ್ಲ. ಇನ್ನ ನೀನು ಹೇಳ್ತೀಯೋ, ನಾನು ಬರೀಲೋ?"

ಭೀಮರಾಜ ಬೆಂಚಿನ ಮೇಲೆ ಕುಸಿದ. ಅತ್ತರೆ ಏನು ಮಾಡುವುದೆಂದು ನಾನು ಹೆದರಿದೆ. ಅವನು ಅಳಲಿಲ್ಲ. ಯಾರಾದರೂ ಕೇಳಲಿ ಎಂದೇ ಎರಡು ತಿಂಗಳಿಂದ ಕಾದವನ ಹಾಗೆ ಹೇಳುತ್ತ ಹೋದ.

"ಗೆದ್ದಲ, ಮೇಡಂ. ಮೌಲ್ಯಮಾಪನದ ಹಿಂದಿನ ದಿನ ಮಧ್ಯಾಹ್ನ ಸ್ಟೋರ್ ರೂಮಿನ ಬಾಗಲಾ ತೆಗೆದ್ರ, ಚೀಲ ಪೂರಾ ಗೆದ್ದಲ ತಿಂದು ಮಣ್ಣೆಲ್ಲಾ ಒಂದಾ ಗುಂಪಿ ಆಗಿತ್ತು. ಒಳಗಿನ ಚೀಟಿ ಇಲ್ಲ, ಹೊರಗಿನ ಚೀಟಿ ಇಲ್ಲ. ಯಾರ ಮಣ್ಣು ಯಾವ್ದು ಅಂತ ಆ ದೇವ್ರಿಗೂ ಗೊತ್ತಾಗ್ತಿದ್ದಿಲ್ಲ."

"ಅದಕ್ಕ?"

"ಹೊಸಾ ಚೀಲ ತಂದೆ. ಬೇವಿನ ಗಿಡದ ಬುಡದಾಗ ಅಗದು ಇಪ್ಪತ್ತೆರಡೂ ತುಂಬಿ ಹೊಸಾ ಚೀಟಿ ಹಚ್ಚಿದೆ. ಆ ಮಣ್ಣು ಒಮ್ಮೆ ಪರೀಕ್ಷೆ ಮಾಡಿ, ಬಂದ ಅಂಕಿನಾ ಒಂದೀಟು ಹೆಚ್ಚುಕಡಿಮಿ ಮಾಡಿ, ಸಂಜಿಕ ಮಕ್ಕಳನ್ನ ಕುಂದ್ರಿಸಿ ಹೊಸಾ ಪುಸ್ತಕದಾಗ ಬರೆಸಿದೆ."

"ಚೈತ್ರಾ ಬರೀಲಿಲ್ಲ ಯಾಕ?"

"ಮೆಣಸಿನಕಾಯಿ ಬಿಡಸಾಕ ಹೋಗಿದ್ಲು, ಸಾಲಿಗಿ ಬಂದಿದ್ದಿಲ್ಲ. ಆಕಿ ಹಳೇ ಪುಸ್ತಕ ಹಂಗಾ ಕಟ್ಟಿನಾಗ ಉಳಕೊಂತು. ನಾನು ನೋಡಲಿಲ್ರಿ. ಹನ್ನೊಂದು ವರ್ಷದಾಗ ಒಬ್ಬ ಪರೀಕ್ಷಕನೂ ಚೀಲ ಬಿಚ್ಚಿದ್ದು ನಾ ಕಂಡಿಲ್ಲ ಮೇಡಂ. ಚೀಟಿ ನೋಡ್ತಾರ, ಪುಸ್ತಕ ನೋಡ್ತಾರ, ಚಹಾ ಕುಡೀತಾರ, ಹೋಗ್ತಾರ."

ಈ ಮಾತನ್ನು ನಾನು ಅಲ್ಲಗಳೆಯಲಾರೆ. ನಾನೂ ಎಷ್ಟೋ ಶಾಲೆಗಳಲ್ಲಿ ಚಹಾ ಕುಡಿದು ಬಂದವಳೇ.

"ಇಪ್ಪತ್ತೆರಡರಾಗ ಅವ್ನು ಬಿಚ್ಚಿದ ಒಂದು ಚೀಲ, ಖರೇ ಬರದಾಕಿದಾ ಬರಬೇಕೇನ್ರಿ?" ಎಂದ ಭೀಮರಾಜ.

"ಅವತ್ತಾ ಬಾಯಿ ಬಿಡಬೇಕಿತ್ತು," ಎಂದೆ. ಸಿಟ್ಟು ಬಂದಿತ್ತು, ಬಚ್ಚಿಡಲಿಲ್ಲ. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು ನಿನ್ನ ಕೆಲಸ. ಗೆದ್ದಲ ತಿಂದ್ರ ತಿಂದಾವ ಅಂತ ಬರದಿದ್ರ, ಹೊಸ ಮಣ್ಣು ತರಸಿ ಮತ್ತೊಮ್ಮೆ ಪರೀಕ್ಷೆ ಇಡ್ತಿದ್ರು. ಅಷ್ಟಾ."

"ಹೆದರಿದೆ ಮೇಡಂ. ಗುತ್ತಿಗಿಯವ ನಾನು. ಸ್ಟೋರ್ ರೂಮು ಸರಿಯಾಗಿ ಇಟ್ಕೊಂಡಿಲ್ಲ ಅಂತ ತೆಗೆದು ಹಾಕ್ತಿದ್ರು."

"ಮಕ್ಕಳ ಹಳೇ ಪುಸ್ತಕ ಎಲ್ಲದಾವು?"

"ಸುಟ್ಟೆ."

ನಾನು ಕಣ್ಣು ಮುಚ್ಚಿಕೊಂಡೆ. ಹಳೆಯ ಪುಸ್ತಕಗಳಿದ್ದಿದ್ದರೆ ಉಳಿದ ಮಕ್ಕಳೂ ನಿಜವಾಗಿ ಕೆಲಸ ಮಾಡಿದ್ದರು ಎನ್ನಲು ಒಂದು ಸಾಕ್ಷಿ ಇರುತ್ತಿತ್ತು. ಈಗ ನಾನು ಸತ್ಯ ಬರೆದರೆ ಚೈತ್ರಾ ಉಳಿಯುತ್ತಾಳೆ, ಇಪ್ಪತ್ತೊಂದು ಮಕ್ಕಳು ನಕಲಿಗೆ ಸಿಕ್ಕಿಬೀಳುತ್ತಾರೆ. ಬರೆಯದಿದ್ದರೆ ಅವರು ಉಳಿಯುತ್ತಾರೆ, ಇವಳೊಬ್ಬಳು ಮುಳುಗುತ್ತಾಳೆ. ಮೇಷ್ಟ್ರು ಹೇಳಿದ್ದನ್ನು ಬರೆದದ್ದಷ್ಟೇ ಆ ಮಕ್ಕಳ ತಪ್ಪು. ಮೇಷ್ಟ್ರ ಮಾತು ಕೇಳಿ ಎಂದು ಹತ್ತು ವರ್ಷ ಕಲಿಸಿದವರೂ ನಾವೇ ಅಲ್ಲವೇ?

ತಲೆ ಸಿಡಿಯುತ್ತಿತ್ತು. ಇಂಥ ತಕ್ಕಡಿ ಹಿಡಿಯುವುದಕ್ಕೆ ನಾನು ತೀರ ದಣಿದಿದ್ದೆ.

"ಒಂದಾ ದಾರಿ ಐತಿ," ಎಂದೆ ಕೊನೆಗೆ. "ನಾಳಿ ಹತ್ತಕ್ಕ ನೀನಾ ಸಮಿತಿ ಮುಂದ ನಿಂತು ಎಲ್ಲಾ ಹೇಳಬೇಕು. ತಪ್ಪು ನಂದು, ಮಕ್ಕಳದಲ್ಲ ಅನ್ನಬೇಕು. ಎಲ್ಲಾ ಮಕ್ಕಳಿಗೂ ಹೊಸದಾಗಿ ಪರೀಕ್ಷೆ ಇಡ್ರಿ ಅಂತ ನಾ ಬರೀತೀನಿ. ನಾನಾ ಮುಂದ ನಿಂತು ಮಾಡಸ್ತೀನಿ. ನಿನ್ನ ನೌಕರಿ ಮಾತ್ರ ನನ್ನ ಕೈಯಾಗ ಇಲ್ಲ."

ಅವನು ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬರ್ತೀನ್ರಿ," ಎಂದ. "ಎರಡು ತಿಂಗಳಾತು, ನಿದ್ದಿ ಹತ್ತಿಲ್ಲ."

ಇವತ್ತು ಬಂದ ಒಂದೇ ಒಳ್ಳೆಯ ಮಾತು ಅದು. ಅವನಿಗೆ ಕಾಗದ ಕೊಟ್ಟು ಹೇಳಿಕೆ ಬರೆಯಲು ಕೂರಿಸಿದೆ. ಅವನು ಎರಡು ಸಾಲು ಬರೆದಿರಬಹುದು, ಮುಖ್ಯೋಪಾಧ್ಯಾಯಿನಿ ಶೀಲಾ ಫೋನು ಹಿಡಿದುಕೊಂಡು ಬಂದರು.

"ವೀರಭದ್ರಮ್ಮ ಮೇಡಂ, ಇನ್ನ ನೀವು ತ್ರಾಸ ತಗೊಳ್ಳೋದು ಬ್ಯಾಡ್ರಿ. ಹುಡುಗಿ ಒಪ್ಪಿಕೊಂಡಾಳ. ಬಳ್ಳಾರಿಯಿಂದ ಈಗ ವಾಟ್ಸಾಪಿಗೆ ಬಂತು."

ಫೋನಿನಲ್ಲಿ ಒಂದು ಚೀಟಿಯ ಚಿತ್ರ. ಪುಸ್ತಕದಲ್ಲಿ ನೋಡಿದ ಅದೇ ಕೈಬರಹ, ಕೆಳಗೆ ಚೈತ್ರಾಳ ಸಹಿ. ಮೇಲೆ ನಿನ್ನೆಯ ತಾರೀಖು. 'ನಾನು ಮಣ್ಣು ಪರೀಕ್ಷೆ ಮಾಡದೆ ಊಹಿಸಿ ಅಂಕಿ ಬರೆದಿದ್ದೇನೆ. ಇದು ನನ್ನೊಬ್ಬಳ ತಪ್ಪು. ಉಳಿದ ಇಪ್ಪತ್ತೊಂದು ವಿದ್ಯಾರ್ಥಿಗಳ ಚೀಲಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವುಗಳನ್ನು ಪುನಃ ಪರಿಶೀಲಿಸುವ ಅಗತ್ಯವಿರುವುದಿಲ್ಲ.'

ಎರಡು ಸಲ ಓದಿದೆ. ಪುನಃ ಪರಿಶೀಲಿಸುವ ಅಗತ್ಯವಿರುವುದಿಲ್ಲ. ಹದಿನಾರು ವರ್ಷದ ಹುಡುಗಿಯ ಮಾತೇ ಇದು? ಆಫೀಸಿನ ಕಡತ ತಿರುವಿ ತಿರುವಿ ಬೆರಳು ಸವೆದವರ ಮಾತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಉಳಿದ ಇಪ್ಪತ್ತೊಂದು ಚೀಲಗಳಲ್ಲಿ ಏನೋ ಇದೆ ಎಂಬುದು ನನಗೆ ತಿಳಿದದ್ದು ಇವತ್ತು ಹನ್ನೊಂದು ಗಂಟೆಗೆ. ಭೀಮರಾಜ ಬಾಯಿ ಬಿಟ್ಟದ್ದು ಈಗ. ಚೀಟಿ ನಿನ್ನೆಯದು.

"ನೀನು ಯಾರಿಗಾದ್ರೂ ಹೇಳಿದ್ದೇನೋ?" ಎಂದು ಭೀಮರಾಜನನ್ನು ಕೇಳಿದೆ.

"ಹೆಂಡ್ತಿಗೂ ಹೇಳಿಲ್ರಿ," ಎಂದ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಶೀಲಾರ ಕಡೆ ನೋಡಿದೆ. ಅವರು ಪೇಪರಿನ ಮೇಲಿನ ಗುಡ್ಡೆಗಳನ್ನು, ಭೀಮರಾಜನ ಅರ್ಧ ಬರೆದ ಹೇಳಿಕೆಯನ್ನು ನೋಡುತ್ತ, ಏನೂ ಅರ್ಥವಾಗದೆ ನಿಂತಿದ್ದರು. ಗಾಳೆಪ್ಪನನ್ನು ಕಳಿಸಿ ಚೈತ್ರಾಳನ್ನು ಕರೆಸಿದೆ.

"ಈ ಚೀಟಿ ನೀನಾ ಬರದಿದ್ದೇನವ್ವ?"

"ಹೂಂ ಮೇಡಂ."

"ಯಾರು ಹೇಳಿ ಬರೆಸಿದ್ರು?"

ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ನಾನು ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

"ನಿನ್ನಿ ಸಂಜಿಕ ಯರ್ರಿಸ್ವಾಮಿ ಸರ್ ನಮ್ಮ ಮನಿಗಿ ಬಂದಿದ್ರು. ಬರದ ಕಾಗದ ಅವರ ಕಡೀನಾ ಇತ್ತು. ನೋಡಿ ಬರಿ ಅಂದ್ರು."

"ಏನು ಹೇಳಿದ್ರು?"

"ಇಪ್ಪತ್ತೆರಡೂ ಚೀಲದಾಗ ಒಂದಾ ಮಣ್ಣೈತಿ, ನಾನು ಎಲ್ಲಾ ಬಿಚ್ಚಿ ನೋಡೀನಿ ಅಂದ್ರು. ಮೇಡಮ್ಮಾರು ನಾಳಿ ಬಂದು ಹುಡುಕಿದ್ರ ಎಲ್ರೂ ನಪಾಸ್ ಆಗ್ತಾರ, ನೀನು ಒಬ್ಬಾಕಿ ಒಪ್ಪಿಕೊಂಡ್ರ ಇಪ್ಪತ್ತೊಂದು ಮಂದಿ ಉಳೀತಾರ ಅಂದ್ರು."

ಎಲ್ಲಾ ಬಿಚ್ಚಿ ನೋಡಿದ್ದಾನೆ! ಬೆಳಿಗ್ಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಚೀಲ ಎಂದವನು. ಎಲ್ಲ ಚೀಲಗಳ ಕಥೆ ತಿಳಿದೂ, ನಿಜ ಬರೆದ ಒಬ್ಬಳ ಮೇಲೆ ಮಾತ್ರ ವರದಿ ಕೊಟ್ಟವನು. ಮಕ್ಕಳ ಮೇಲಿನ ಕರುಣೆಯಿಂದ ಹೀಗೆ ಮಾಡುವ ಮನುಷ್ಯ, ಹದಿನಾಲ್ಕನೇ ಚೀಲವನ್ನೂ ಮತ್ತೆ ಕಟ್ಟಿಟ್ಟು ಸುಮ್ಮನೆ ಹೋಗಬಹುದಿತ್ತಲ್ಲ? ಅವನಿಗೆ ಈ ಹುಡುಗಿಯೇ ಯಾಕೆ ಬೇಕಾಗಿತ್ತು?

"ಚೈತ್ರಾ, ನೀನು ಬರದಿದ್ದು ಖರೇ ಅಂತ ಸಾಬೀತಾಗೈತಿ," ಎಂದೆ. "ಆ ಚೀಟಿ ಬಲವಂತಕ್ಕ ಬರದೆ ಅಂತ ಒಂದು ಮಾತು ಹೇಳು. ಸಾಕು."

ಅವಳು ತಲೆ ಅಲ್ಲಾಡಿಸಿದಳು.

"ಆ ಸವಳು ಹೊಲಕ್ಕ ಏನು ಮಾಡಬೇಕು ಅಂತ ಕಲಿಯಾಕ ಡಿಪ್ಲೊಮಾಕ್ಕ ಹೋಗಬೇಕು ಅಂದ್ಕೊಂಡಿದ್ದೆ. ಅದು ನನಗ ಬೇಕಾಗಿತ್ತು ಮೇಡಂ, ಭಾಳ ಬೇಕಾಗಿತ್ತು. ಆದ್ರ ಅವ್ರೆಲ್ಲಾ ಎಂಟನೇ ಕ್ಲಾಸಿನಿಂದ ನನ್ನ ಜೋಡಿ ಕುಂತವರು. ಹೆಂಗ ಹೇಳ್ಲಿ?"

ಭೀಮರಾಜ ಗೋಡೆಯ ಕಡೆ ತಿರುಗಿ ನಿಂತ. ಈ ಕೋಣೆಯಲ್ಲಿದ್ದ ದೊಡ್ಡವರೆಲ್ಲರಿಗಿಂತ ದೊಡ್ಡ ಮಾತು ಅದು, ಶುದ್ಧ ಮೂರ್ಖತನದ ಮಾತೂ ಹೌದು. ಎರಡನ್ನೂ ಅವಳಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸಮಿತಿಯ ಗುಮಾಸ್ತ ಚಂದ್ರಣ್ಣ.

"ಮೇಡಂ, ನಾಳಿ ಬರೋದು ಬ್ಯಾಡ್ರಿ. ಹುಡುಗಿ ಒಪ್ಪಿಕೊಂಡಿದ್ದಕ್ಕ ಸಮಿತಿ ಸಭಾ ರದ್ದು ಆತು. ಸಂಜಿ ಐದಕ್ಕ ಸಮಿತಿ ಸಾಹೇಬ್ರು ಆಕಿ ನಪಾಸಿನ ಆರ್ಡರಿಗೆ ಸಹಿ ಹಾಕ್ತಾರ. ಬಿಸಲಾಗ ಭಾಳ ತಿರುಗ್ಯಾಡೀರಿ, ಮನಿಗಿ ಹೋಗಿ ಆರಾಮ ಮಾಡ್ರಿ."

ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಬಳ್ಳಾರಿಗೆ ಬಸ್ಸಿನಲ್ಲಿ ಒಂದು ತಾಸು, ಅದೂ ಬಸ್ಸು ಈಗಲೇ ಸಿಕ್ಕರೆ. ಆಮೇಲೆ ಸಾಹೇಬರ ಕೋಣೆಯ ತನಕ ಮೆಟ್ಟಿಲು ಹತ್ತಬೇಕು. ನನ್ನ ಕೈಯಲ್ಲಿರುವುದು ಒಂದು ಕುಂಡ, ಅರ್ಧ ಬರೆದ ಒಂದು ಹೇಳಿಕೆ, ತನ್ನ ಪರವಾಗಿ ಮಾತಾಡಲು ಒಪ್ಪದ ಒಬ್ಬ ಹುಡುಗಿ.

"ಆ ಚೀಟಿ ಆಫೀಸಿಗೆ ತಂದುಕೊಟ್ಟವರು ಯಾರು ಚಂದ್ರಣ್ಣ?"

"ಯರ್ರಿಸ್ವಾಮಿ ಸರ್ ರೀ. ಆರ್ಡರ್ ಕಾಪಿ ತಗೊಂಡಾ ಹೋಗ್ತೀನಿ ಅಂತ ಇಲ್ಲೇ ನನ್ನ ಎದುರಿಗೆ ಕುಂತಾರ. ಮಾತಾಡ್ತೀರೇನು?"

ಚೈತ್ರಾಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು.

"ಕೊಡು," ಎಂದೆ. "ಇಪ್ಪತ್ತೆರಡೂ ಚೀಲ ಬಿಚ್ಚಿದ್ದು ಯಾಕ ಮುಚ್ಚಿಟ್ಟ ಅಂತ ಕೇಳಬೇಕು."